ಎರಡೂ ವಹಿ ಒಂದೇ ಮಾತು ಹೇಳಿದಾಗ

ನಮ್ಮ ತಂದೆಯವರ ಕಾಲದಲ್ಲಿ ಅಂಗಡಿಯಲ್ಲಿ ಎರಡು ವಹಿಗಳಿರುತ್ತಿದ್ದವು. ಗಾದಿಯ ಮೇಲೆ ಕುಳಿತು ಆಗಿಂದಾಗ ಗೀಚುವ ಕಚ್ಚಾ ಕಿರ್ದಿ ಒಂದು. ಅದನ್ನು ನೋಡಿ ದಿವಾಣಜಿಯವರು ಚೊಕ್ಕಾಗಿ ಬರೆಯುವ ಪಕ್ಕಾ ಕಿರ್ದಿ ಇನ್ನೊಂದು. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಬಂದು ಇಬ್ಬರೂ ಎದುರಾಬದುರು ಕೂಡುತ್ತಿದ್ದರು. ಒಬ್ಬರು ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡಬೇಕು. ಒಂದು ರೂಪಾಯಿ ಹೊಂದದಿದ್ದರೂ ರಾತ್ರಿ ಹತ್ತಾಗುತ್ತಿತ್ತು. ತಪ್ಪು ಕಂಡ ಕೂಡಲೆ ದಿವಾಣಜಿ ಪಕ್ಕಾ ವಹಿ ತಿದ್ದಲು ಲೇಖನಿ ಎತ್ತಿದರೆ ತಂದೆಯವರು ಕೈ ಹಿಡಿಯುತ್ತಿದ್ದರು. "ಮೊದಲ ಚೀಟಿ ಹುಡುಕ್ರಿ" ಎನ್ನುತ್ತಿದ್ದರು. ಯಾವ ವಹಿ ಖರೆ, ಯಾವುದು ಸುಳ್ಳು ಎಂದು ವಹಿಯನ್ನೇ ನೋಡಿ ಹೇಳಲು ಬರುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ನಾನು ಆಗ ಹುಡುಗ. ಇದು ಮುದುಕರ ಹಟ ಎಂದುಕೊಂಡಿದ್ದೆ.

ಈಗ ವಹಿ ಹೋಗಿ ಗಣಕಯಂತ್ರ ಬಂದಿದೆ. ದೀಪಾವಳಿಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವುದೂ ಅದೇ. ನಮ್ಮದು ಫೌಂಡ್ರಿಗಳಿಗೆ ಬೇಕಾದ ಸಾಮಾನಿನ ವ್ಯಾಪಾರ. ಅಂಗಡಿ ಕೊಲ್ಹಾಪುರದ ಶಾಹುಪುರಿಯಲ್ಲಿ, ಗೋದಾಮು ಗೋಕುಳ ಶಿರಗಾಂವದ ಎಂ.ಐ.ಡಿ.ಸಿ.ಯಲ್ಲಿ. ಗಣಕಯಂತ್ರ ಎರಡೂ ಕಡೆ ಇದೆ. ಅಂಗಡಿಯಲ್ಲಿ ಬರೆದ ಪ್ರತಿಯೊಂದು ಕಲಮು ಆ ಕ್ಷಣವೇ ತಂತಿಯ ಮೇಲೆ ಹೋಗಿ ಗೋದಾಮಿನ ಯಂತ್ರದಲ್ಲೂ ಬರೆಯಲ್ಪಡುತ್ತದೆ. ಇದಕ್ಕೆ ಮಿರರ್ ಎನ್ನುತ್ತಾರೆ, ಅಂದರೆ ಕನ್ನಡಿ. ಒಂದು ಕಡೆ ಬೆಂಕಿ ಬಿದ್ದರೂ ನೀರು ಹೊಕ್ಕರೂ ಇನ್ನೊಂದು ಕಡೆ ಲೆಕ್ಕ ಉಳಿಯಬೇಕೆಂಬ ವಿಚಾರ. ದೊಡ್ಡ ಬ್ಯಾಂಕುಗಳೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. ಅವರ ಎರಡನೆಯ ಕೇಂದ್ರ ಬೇರೆ ಊರಿನಲ್ಲೇ ಇರುತ್ತದೆ. ನಮ್ಮ ಎರಡು ಯಂತ್ರಗಳ ನಡುವೆ ಬಸ್ಸಿನಲ್ಲಿ ಅರ್ಧ ತಾಸು ಅಷ್ಟೆ. ಆದರೆ ಶಿರಗಾಂವ ಎತ್ತರದ ಜಾಗ, ವಿಮಾನ ನಿಲ್ದಾಣದ ಉಜಳಾಯಿವಾಡಿಯ ಮಗ್ಗುಲು. ಪಂಚಗಂಗೆ ಅಲ್ಲಿಗೆ ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಮಗ ಈ ವ್ಯವಸ್ಥೆ ಮಾಡಿಸಿದ್ದ.

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ನಮ್ಮ ಭಾಗದ ಯಾರೂ ಮರೆತಿಲ್ಲ. ಪಂಚಗಂಗೆ ಊರೊಳಗೆ ಬಂದಳು. ಶಿರೋಲಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯೇ ನೀರಲ್ಲಿ ಮುಳುಗಿ ಹಲವು ದಿವಸ ಲಾರಿಗಳು ಸಾಲುಗಟ್ಟಿ ನಿಂತವು. ನಮ್ಮ ಅಂಗಡಿ ತಗ್ಗಿನಲ್ಲಿದೆ. ಮೊದಲ ದಿನವೇ ಯಂತ್ರವನ್ನು ಮಾಳಿಗೆಗೆ ಹೊತ್ತೊಯ್ದೆವು. ಆಮೇಲೆ ಕರೆಂಟು ಹೋಯಿತು, ತಂತಿಯ ಸಂಪರ್ಕವೂ ಹೋಯಿತು. ಯಂತ್ರ ನೋಡಿಕೊಳ್ಳುವ ಹುಡುಗ ಫೋನಿನಲ್ಲೇ ಹೇಳಿಕೊಟ್ಟು ಗೋದಾಮಿನ ಯಂತ್ರವನ್ನು ಮುಖ್ಯ ಮಾಡಿಸಿದ. ವ್ಯವಹಾರ ನಿಲ್ಲಲಿಲ್ಲ. ನಾನು ಬಹಳ ಹಿಗ್ಗಿದೆ. ನೀರು ಇಳಿಯತೊಡಗಿದ ಮೇಲೆ ಮಗ ಮಾಳಿಗೆಯಲ್ಲಿ ಜನರೇಟರ್ ಹಚ್ಚಿ ಅಂಗಡಿಯ ಯಂತ್ರ ಶುರು ಮಾಡಿದ. ಬಂದ ವಸೂಲಿಯನ್ನು ಎರಡು ದಿವಸ ಅದರಲ್ಲಿ ಬರೆದುಕೊಂಡ. ತಂತಿ ಇನ್ನೂ ಬಂದಿರಲಿಲ್ಲ. ಹೀಗೆ ಒಂದು ಮನೆಗೆ ಇಬ್ಬರು ಯಜಮಾನರಾದರು. ಇದನ್ನು ಆಗ ನಾವ್ಯಾರೂ ಲಕ್ಷಿಸಲಿಲ್ಲ.

14ನೆಯ ತಾರೀಖು ರಾತ್ರಿ ಸಂಪರ್ಕ ಬಂತು. ಹುಡುಗ ಫೋನು ಮಾಡಿದ. "ಕಾಕಾ, ಎರಡೂ ಕಡೆ ಬೇರೆ ಬೇರೆ ಬರದದ್ದು ಐತಿ. ಒಂದನ್ನ ಮುಖ್ಯ ಅಂತ ಹಿಡದು ಇನ್ನೊಂದನ್ನ ಅದರಂಗ ಮಾಡಬೇಕು. ಯಾವುದನ್ನ ಹಿಡೀಲಿ?" ಎಂದ. ನಾನು ಎಂಟು ದಿವಸ ನಿದ್ದೆಗೆಟ್ಟಿದ್ದೆ, ಅಂಗಡಿಯ ಕೆಸರು ಎತ್ತಿಸುತ್ತಿದ್ದೆ. "ಮುಖ್ಯ ಅಂದರ ಅಂಗಡೀದ. ಗಾದಿ ಇರೂದು ಇಲ್ಲಿ" ಎಂದುಬಿಟ್ಟೆ. ಅವನು ಮತ್ತೊಮ್ಮೆ ಕೇಳಿದ, ನಾನು ಮತ್ತೊಮ್ಮೆ ಅದನ್ನೇ ಹೇಳಿದೆ. ಆದ್ದರಿಂದ ತಪ್ಪು ಅವನದಲ್ಲ. ಬೆಳಗಾಗುವುದರೊಳಗೆ ಎರಡೂ ಯಂತ್ರ ಸರಿಸಮ ಆಗಿದ್ದವು. ಗೋದಾಮಿನಲ್ಲಿ ಬರೆದ ಎಂಟು ದಿವಸದ ಕಲಮುಗಳು ಎರಡೂ ಕಡೆ ಇರಲಿಲ್ಲ.

ಗೋದಾಮಿನವರು ಮರುದಿನವೇ ಗದ್ದಲ ಮಾಡಿದರು. ನಾವು ಚಲನ್ ಪುಸ್ತಕದ ಕಾರ್ಬನ್ ಪ್ರತಿ ನೋಡಿ ಹೊರಗೆ ಹೋದ ಮಾಲನ್ನೆಲ್ಲ ತಿರುಗಿ ಬರೆಸಿದೆವು. ಎಲ್ಲ ಕೂಡಿತು, ಸುದೈವ ಎಂದುಕೊಂಡೆವು. ಹೋದ ಮಾಲಿಗೆ ನಮ್ಮ ಚಲನ್ ಇರುತ್ತದೆ. ಬಂದ ಮಾಲಿಗೆ ಬಂದವರ ಚೀಟಿ ಇರುತ್ತದೆ. ಆ ಮಳೆಯಲ್ಲಿ ಆ ಚೀಟಿ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಶಿರಗಾಂವದಲ್ಲೇ ಒಂದು ಸಣ್ಣ ಫೌಂಡ್ರಿ ಇದೆ. ಮಾಲಕರು ನಿಪ್ಪಾಣಿ ಕಡೆಯವರು, ಇಪ್ಪತ್ತು ವರ್ಷದ ಗಿರಾಕಿ. ಪೂರದ ಮುಂಚೆ ನಮ್ಮಿಂದ 100 ಚೀಲ ಬೆಂಟೋನೈಟ್ ಒಯ್ದಿದ್ದರು. ಬೆಂಟೋನೈಟ್ ಎಂದರೆ ಒಂದು ಜಾತಿಯ ಅಂಟುಮಣ್ಣು. ಎರಕದ ಅಚ್ಚಿನಲ್ಲಿ ಮರಳನ್ನು ಕೂಡಿ ಹಿಡಿಯುವುದು ಅದೇ. ಹಸಿ ತಗುಲಿದರೆ ಚೀಲದಲ್ಲೇ ಗಡ್ಡೆಯಾಗುತ್ತದೆ. ಹೆದ್ದಾರಿ ಬಂದಾಗಿ ಅವರ ತಯಾರಾದ ಮಾಲು ಹೊರಗೆ ಹೋಗಲಿಲ್ಲ, ಭಟ್ಟಿ ನಿಂತಿತು, ಶೆಡ್ಡು ಸೋರುತ್ತಿತ್ತು. ಒಡೆಯದ 80 ಚೀಲಗಳನ್ನು ಅವರು ನಮ್ಮ ಗೋದಾಮಿಗೆ ತಿರುಗಿ ಕಳಿಸಿದ್ದರು.

ಸೆಪ್ಟೆಂಬರ್ ಮೊದಲಿಗೆ ನಾನು ಪೂರಾ ಬಿಲ್ಲಿನ ತಗಾದೆ ಮಾಡಿದೆ. ಅವರು, "ಅಣ್ಣಾ, 80 ಚೀಲ ನಿಮ್ಮ ಕಡೇನ ಅದಾವಲ್ಲ?" ಎಂದರು. ನಾನು ಅಂಗಡಿಯ ಯಂತ್ರ ನೋಡಿದೆ, ಇರಲಿಲ್ಲ. ಗೋದಾಮಿಗೆ ಫೋನು ಮಾಡಿ ಅಲ್ಲಿಯ ಯಂತ್ರ ನೋಡಿಸಿದೆ, ಅಲ್ಲಿಯೂ ಇರಲಿಲ್ಲ. "ಎರಡೂ ಕಡೆ ನೋಡೇನ್ರಿ, ಎಲ್ಲೂ ಇಲ್ಲ. ಒಂದು ತಪ್ಪೀತು, ಎರಡೂ ಹ್ಯಾಂಗ ತಪ್ತಾವು?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ದಿವಸಕ್ಕೆ ಪೂರಾ ಹಣ ಬಂತು. ಅದರಲ್ಲಿ ಆ 80 ಚೀಲದ 28,000 ರೂಪಾಯಿಯೂ ಇತ್ತು. ಆಮೇಲೆ ಅವರಿಂದ ಆರ್ಡರು ಬರಲಿಲ್ಲ.

ಅದೇ ವೇಳೆಗೆ ಗೋದಾಮಿನ ದಿವಾಣಜಿ ಮಾಲು ಎಣಿಸಿ, "ಬೆಂಟೋನೈಟ್ 80 ಚೀಲ ಜಾಸ್ತಿ ಬರ್ತಾವ್ರಿ" ಎಂದಿದ್ದರು. "ಲಾರಿ ಇಳಿಸುವಾಗ ಎಣಿಕೆ ತಪ್ಪಿರಬೇಕು, ಇರಲಿ ಬಿಡ್ರಿ" ಎಂದೆ ನಾನು. ನಮ್ಮ ವ್ಯಾಪಾರಿ ಮಂದಿಯ ಸ್ವಭಾವ ನೋಡಿರಿ. ಎಂಟು ಚೀಲ ಕಡಿಮೆ ಬಂದಿದ್ದರೆ ಹಮಾಲರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರನ್ನೂ ನಿಲ್ಲಿಸಿ ಕೇಳುತ್ತಿದ್ದೆ. ಎಂಬತ್ತು ಹೆಚ್ಚು ಬಂದದ್ದಕ್ಕೆ ಒಂದು ಪ್ರಶ್ನೆಯೂ ಏಳಲಿಲ್ಲ.

ದಶಲಕ್ಷಣ ಪರ್ವ ಬಂತು. ಬಸದಿಯಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರ ನಡೆಯಿತು. ಏಳನೆಯ ದಿನ ಏಳನೆಯ ಅಧ್ಯಾಯ, ವ್ರತಗಳದು. ಅಚೌರ್ಯವ್ರತದ ಅತಿಚಾರಗಳನ್ನು ಪಂಡಿತರು ವಿವರಿಸುತ್ತಿದ್ದರು. ಅದರಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದು ಒಂದು. ಕೊಡುವಾಗ ಕಡಿಮೆ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ. ನಾನು ಪ್ರತಿ ವರ್ಷ ಇದನ್ನು ಕೇಳಿದ್ದೇನೆ. ಪ್ರತಿ ವರ್ಷವೂ ನಮ್ಮ ತಕ್ಕಡಿ ಸರಿ ಇದೆ ಎಂದು ಸಮಾಧಾನದಿಂದ ಕೂತಿದ್ದೇನೆ. ಆ ದಿನ ಮಾತ್ರ 'ಅಧಿಕ' ಎಂಬ ಶಬ್ದ ಕಿವಿಯಲ್ಲಿ ನಿಂತುಬಿಟ್ಟಿತು. ಅವರು ಹೇಳಿದ್ದು 80, ದಿವಾಣಜಿ ಹೇಳಿದ್ದೂ 80.

ಮರುದಿನ ಮುಂಜಾನೆ ಶಿರಗಾಂವಕ್ಕೆ ಹೋದೆ. ಯಂತ್ರದಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ. ಹಮಾಲರ ಮುಖಂಡನನ್ನು ಕರೆದು ಕೇಳಿದೆ. ಅವನ ಹತ್ತಿರ ಒಂದು ನೂರು ಪುಟದ ಶಾಲೆ ನೋಟುಪುಸ್ತಕ ಇರುತ್ತದೆ. ಚೀಲದ ಲೆಕ್ಕದ ಮೇಲೆ ಹಮಾಲಿ ಸಿಗುವುದರಿಂದ ಯಾವ ದಿನ ಎಷ್ಟು ಇಳಿಸಿದರು, ಎಷ್ಟು ಹೇರಿದರು ಎಂದು ತನ್ನವರಿಗೆ ಕೂಲಿ ಹಂಚಲು ಬರೆದಿಟ್ಟುಕೊಳ್ಳುತ್ತಾನೆ. ಆಗಸ್ಟ್ 9ರ ಪುಟದಲ್ಲಿ ಆ ಫೌಂಡ್ರಿಯ ಹೆಸರು, ಎದುರಿಗೆ 'ಇಳಿಸಿದ್ದು 80' ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಅವನಿಗೆ ಹಮಾಲಿಯನ್ನೂ ನಾವೇ ಕೊಟ್ಟಿದ್ದೆವು!

ಅಲ್ಲಿಂದ ಹಾಗೆಯೇ ನೋಟುಪುಸ್ತಕ ತೆಗೆದುಕೊಂಡು ಫೌಂಡ್ರಿಗೆ ನಡೆದೆ. ಕ್ಷಮಾವಣಿಗೆ ಇನ್ನೂ ಕೆಲವು ದಿವಸವಿತ್ತು. ಅಲ್ಲಿಯವರೆಗೆ ತಡೆಯುವಂತಿರಲಿಲ್ಲ. ಅವರು ಅಚ್ಚಿನ ಹತ್ತಿರ ನಿಂತಿದ್ದರು. ನಾನು ಪುಟ ತೆಗೆದು ತೋರಿಸಿ, "ತಪ್ಪ ನನ್ನದು, ಕ್ಷಮಾ ಮಾಡ್ರಿ" ಎಂದೆ. ಚೆಕ್ ಬರೆದು ಕೊಟ್ಟೆ. ಅವರು ಚೆಕ್ ನೋಡಲಿಲ್ಲ. "ರೊಕ್ಕದ ಮಾತಲ್ಲ ಅಣ್ಣಾ. ಎರಡೂ ಮಷೀನ್ ಇಲ್ಲ ಅಂತಾವು ಅಂದ್ರಿ. ಅವು ಎರಡು, ನಾ ಒಬ್ಬನ. ಇಪ್ಪತ್ತ ವರ್ಷ ಏನಾತು?" ಎಂದರು. ನನಗೆ ಉತ್ತರ ಬರಲಿಲ್ಲ. ಚಹಾ ತರಿಸಿದರು. ಕುಡಿದು ಬಂದೆ.

ಅದಾದ ಮೇಲೆ ಈ ಕನ್ನಡಿ ಎಂದರೇನು, ಅದನ್ನು ಮತ್ತೆ ಸರಿಹೊಂದಿಸುವುದು ಎಂದರೇನು ಎಂದು ತಿಳಿಯುವವರೆಗೆ ಆ ಹುಡುಗನನ್ನು ಬಿಡಲಿಲ್ಲ. ಅವನು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ನಮ್ಮ ಮನೆತನಗಳಲ್ಲಿ ಈಗ ಎಲ್ಲರ ಅಂಗಡಿಯಲ್ಲೂ ಯಂತ್ರವಿದೆ, ಯಾರಿಗಾದರೂ ಉಪಯೋಗವಾದೀತು.

ಯಂತ್ರ ತನ್ನ ಡಿಸ್ಕನ್ನು ಸಣ್ಣ ಸಣ್ಣ ಮನೆಗಳಾಗಿ ಹಂಚಿಕೊಂಡಿರುತ್ತದೆ, ಚೌಕಾಬಾರದ ಪಟದ ಹಾಗೆ. ಜೊತೆಗಾರ ತಪ್ಪಿಹೋದ ಕೂಡಲೆ ಉಳಿದ ಯಂತ್ರ ಒಂದು ನಕ್ಷೆ ಇಟ್ಟುಕೊಳ್ಳುತ್ತದೆ. ಯಾವ ಮನೆಯಲ್ಲಿ ಹೊಸದು ಬರೆಯಿತೋ ಆ ಮನೆಗೆ ಒಂದು ಗುರುತು. ಏನು ಬರೆಯಿತೆಂದು ನಕ್ಷೆಗೆ ಗೊತ್ತಿಲ್ಲ, ಇಲ್ಲಿ ಬದಲಾಗಿದೆ ಎಂದಷ್ಟೇ ಗೊತ್ತು. ಜೊತೆಗಾರ ತಿರುಗಿ ಬಂದಾಗ ಗುರುತಿನ ಮನೆಗಳನ್ನಷ್ಟೇ ನಕಲು ಮಾಡಿದರೆ ಸಾಕು, ಕೆಲಸ ಬೇಗ ಮುಗಿಯುತ್ತದೆ. ನಕ್ಷೆ ಕಳೆದರೆ ಇಡೀ ಡಿಸ್ಕನ್ನು ಮೊದಲಿನಿಂದ ನಕಲು ಮಾಡಬೇಕು. ಅದಕ್ಕೆ ಹಿಡಿಯುವ ಹೊತ್ತು ಬಹಳ. ಇಲ್ಲಿಯವರೆಗೆ ಕಷ್ಟವಿಲ್ಲ. ಒಂದೇ ಕಡೆ ಬರೆದಿದ್ದರೆ ಯಾವ ದಿಕ್ಕಿಗೆ ನಕಲು ಹೋಗಬೇಕೆಂದು ಯಂತ್ರಕ್ಕೇ ತಿಳಿಯುತ್ತದೆ.

ಎರಡೂ ಕಡೆ ಬರೆದಿದ್ದರೆ ಎರಡೂ ನಕ್ಷೆಯಲ್ಲಿ ಗುರುತು ಇರುತ್ತದೆ. ಆಗ ಯಂತ್ರ ಕೈಕಟ್ಟಿ ನಿಂತು ಮನುಷ್ಯನನ್ನು ಕೇಳುತ್ತದೆ. ಅದು ಕೇಳುವುದು 'ಯಾರದನ್ನು ಇಡಲಿ' ಎಂದಂತೆ ಕಾಣುತ್ತದೆ. ನಿಜವಾಗಿ ಕೇಳುವುದು 'ಯಾರದನ್ನು ಅಳಿಸಲಿ' ಎಂದು. ಡಿಸ್ಕಿನ ಮಟ್ಟದಲ್ಲಿ ಎರಡನ್ನೂ ಬೆರೆಸಲು ಬರುವುದಿಲ್ಲ. ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ತೆಗೆದರೆ ಖಾತೆಯೇ ಒಡೆದುಹೋಗುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲೇಬೇಕು. ಬಿಡುವ ಮೊದಲು ಅದರ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟರೆ, ಅದರಲ್ಲಿದ್ದು ಇದರಲ್ಲಿಲ್ಲದ ಕಲಮುಗಳನ್ನು ಆಮೇಲೆ ಕೂತು ಕೈಯಿಂದ ಬರೆಯಬಹುದು. ನಾವು ಬಿಟ್ಟದ್ದು ಈ ಒಂದು ಹೆಜ್ಜೆ. ಒಂದು ಹೊಸ ಡಿಸ್ಕಿನ ಬೆಲೆ, ಎರಡು ತಾಸಿನ ಕೆಲಸ.

ಇನ್ನೊಂದು ಮಾತೂ ಹೇಳಿದ. ನಕಲು ನಡೆಯುತ್ತಿರುವಾಗ ನಕಲಾಗುವ ಡಿಸ್ಕು ಅರ್ಧ ಹಳತು ಅರ್ಧ ಹೊಸತು. ಆ ಹೊತ್ತಿನಲ್ಲಿ ಮೂಲದ ಡಿಸ್ಕು ಕೆಟ್ಟರೆ ಕೈಯಲ್ಲಿ ಉಳಿಯುವುದು ಯಾವುದಕ್ಕೂ ಬಾರದ ವಸ್ತು. ನೆಮ್ಮದಿ ತಿರುಗಿ ಬಂತೆಂದು ಎಲ್ಲರೂ ನಿಟ್ಟುಸಿರು ಬಿಡುವ ರಾತ್ರಿಯೇ ಎಲ್ಲಕ್ಕಿಂತ ಅಪಾಯದ್ದು. ಕನ್ನಡಿ ಇದ್ದಮಾತ್ರಕ್ಕೆ ಬ್ಯಾಕಪ್ ಇದ್ದಂತೆಯೂ ಅಲ್ಲ. ಒಂದು ಕಡೆ ತಪ್ಪಾಗಿ ಅಳಿಸಿದರೆ ಇನ್ನೊಂದು ಕಡೆಯೂ ಆ ಕ್ಷಣವೇ ಅಳಿಯುತ್ತದೆ, ಕನ್ನಡಿಯ ಕೆಲಸವೇ ಅದು. ಅಮೇರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಹಲವು ಡಿಸ್ಕು ಕೂಡಿಸಿ ಇಡುವ ರೇಡ್ ಎಂಬ ಪದ್ಧತಿಯ ಮೇಲೆ ಪ್ರಸಿದ್ಧ ಲೇಖನ ಬರೆದರಂತೆ. ಅದರಲ್ಲಿ ಜೋಡಿ ಡಿಸ್ಕಿನದು ಒಂದನೆಯ ದರ್ಜೆ. ಡಿಸ್ಕು ಕೆಡುವುದಕ್ಕೆ ಅದು ಮದ್ದು. ಮಾಲಕನ ಅವಸರಕ್ಕೆ ಯಾವ ದರ್ಜೆಯಲ್ಲೂ ಮದ್ದಿಲ್ಲ.

ಇದನ್ನೆಲ್ಲ ಕೇಳುವಾಗ ನನಗೆ ನೆನಪಾದದ್ದು ಮೂಡುಬಿದಿರೆಯ ಧವಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಆ ಟೀಕೆ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂತು. ನಾವು ಅಲ್ಲಿಗೆ ಯಾತ್ರೆಗೆ ಹೋಗಿ ದೂರದಿಂದ ಕೈಮುಗಿದು ಬಂದವರು. ಅದು ಹೊರಗೆ ಬಂದ ಬಗೆ ನಮ್ಮ ವ್ಯಾಪಾರಿ ಮಂದಿ ತಿಳಿಯಬೇಕಾದದ್ದು, ಏಕೆಂದರೆ ಮೊದಲು ಕಾಳಜಿ ಮಾಡಿದವರು ಮುಂಬಯಿಯ ಸೇಠ್ ಮಾಣಿಕಚಂದ್ ಮತ್ತು ಸೊಲ್ಲಾಪುರದ ಹೀರಾಚಂದ್ ನೇಮಚಂದ್, ಇಬ್ಬರೂ ವ್ಯಾಪಾರಸ್ಥರು. ಓಲೆ ಜೀರ್ಣವಾಗುತ್ತಿವೆ, ಇನ್ನೊಂದು ಪ್ರತಿ ಆಗಬೇಕು ಎಂಬುದು ಅವರ ಚಿಂತೆ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ನಮ್ಮ ಮಿರಜಿನ ಗಜಪತಿ ಉಪಾಧ್ಯಾಯರೂ ನಕಲು ಮಾಡಲು ಕುಳಿತರು. 1896ರಲ್ಲಿ ಶುರುವಾದ ಕೆಲಸ ಮುಗಿಯಲು 1922 ಆಯಿತು. ಈ ನಡುವೆ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು, ಅಲ್ಲಿಂದ ನಾಗರಿ ಲಿಪಿಗೆ ಇಳಿದು ಆರಾ, ಕಾರಂಜಾ, ಅಮರಾವತಿ ಹೀಗೆ ಊರೂರಿಗೆ ಹರಡಿತು.

1939ರಲ್ಲಿ ಅಮರಾವತಿಯಿಂದ ಡಾ. ಹೀರಾಲಾಲ್ ಜೈನರು ಮೊದಲ ಸಂಪುಟ ಅಚ್ಚು ಹಾಕಿಸಿದರು. ಅವರ ಜೊತೆ ನಿಂತವರಲ್ಲಿ ಒಬ್ಬರು ಡಾ. ಆ. ನೇ. ಉಪಾಧ್ಯೆಯವರು. ಸದಲಗೆಯಲ್ಲಿ ಹುಟ್ಟಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದವರು, 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರು. ಆ ಸಂಪುಟದ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ಅನಿಸಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಪದ ಚಿಕ್ಕದು, ಸಿದ್ಧಾಂತದ ದೃಷ್ಟಿಯಿಂದ ದೊಡ್ಡದು. ಅದರ ಮೇಲೆ ಸಮಾಜದಲ್ಲಿ ವರ್ಷಗಟ್ಟಲೆ ವಾದವಾಯಿತು. ಆ ವಾದ ತೂಗುವ ಯೋಗ್ಯತೆ ನನಗಿಲ್ಲ. ಆದರೆ ಮೂಡುಬಿದಿರೆಯ ಓಲೆಯನ್ನೇ ತೆಗೆಸಿ ನೋಡಿದಾಗ ಆ ಪದ ಅದರಲ್ಲಿತ್ತು. ಉತ್ತರದ ಪ್ರತಿಗಳೆಲ್ಲ ಒಂದೇ ಪ್ರತಿಯ ಮಕ್ಕಳು, ಮೊಮ್ಮಕ್ಕಳು. ತಾಯಿ ಬಿಟ್ಟದ್ದನ್ನು ಮಕ್ಕಳೆಲ್ಲ ಬಿಟ್ಟಿದ್ದರು. ಅವು ಹತ್ತಿದ್ದರೂ ಸಾಕ್ಷಿ ಒಂದೇ.

ನನ್ನ ಎರಡು ಯಂತ್ರಗಳೂ ಅಂಥವೇ. ಗೋದಾಮಿಗೆ ಫೋನು ಮಾಡಿ 'ಅಲ್ಲಿಯೂ ನೋಡಿಸಿದೆ' ಎಂದು ನಾನು ಹೆಮ್ಮೆಪಟ್ಟದ್ದು ಕನ್ನಡಿಯಲ್ಲಿ ಮುಖ ನೋಡಿ ಇನ್ನೊಬ್ಬನನ್ನು ಕಂಡೆ ಎಂದಂತೆ. ಹಮಾಲನ ನೋಟುಪುಸ್ತಕ ಮಾತ್ರ ಬೇರೆ ಸಾಕ್ಷಿ, ಏಕೆಂದರೆ ಅವನು ಅದನ್ನು ನಮಗಾಗಿ ಬರೆದಿರಲಿಲ್ಲ, ನಮ್ಮನ್ನು ನೋಡಿಯೂ ಬರೆದಿರಲಿಲ್ಲ.

2021ರ ಜುಲೈನಲ್ಲಿ ಮತ್ತೆ ಪೂರ ಬಂತು, ಹೆದ್ದಾರಿ ಮತ್ತೆ ನಿಂತಿತು. ಈ ಸಲ ಮೊದಲ ದಿನವೇ ಅಂಗಡಿಯ ಯಂತ್ರದ ವಾಯರು ಕಿತ್ತು ಗೋಣಿತಟ್ಟಿನಲ್ಲಿ ಸುತ್ತಿ ಇಡಿಸಿದೆ, ಯಾರೂ ಮುಟ್ಟದಂತೆ. ಆದರೂ ಮಗ ಬರೆಯಬೇಕಾದದ್ದನ್ನು ಕಾಗದದ ಮೇಲೆ ಬರೆದಿಟ್ಟಿದ್ದ. ತಂತಿ ಬಂದ ಮೇಲೆ ಎರಡೂ ಡಿಸ್ಕುಗಳ ಒಂದೊಂದು ಪ್ರತಿ ಬೇರೆ ತೆಗೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಗೋದಾಮಿನಿಂದ ಅಂಗಡಿಯ ಕಡೆಗೆ ನಕಲು ಹಚ್ಚಿಸಿದೆ. ಅದು ಮುಗಿಯುವವರೆಗೆ ಯಾರೂ ಒಂದು ಕಲಮೂ ಬರೆಯಕೂಡದೆಂದು ಹೇಳಿ ಅಂಗಡಿಯ ಅರ್ಧ ಬಾಗಿಲು ಹಾಕಿದೆ. ಮಗನಿಗೆ ನಗು ಬರುತ್ತಿತ್ತು.

ಮರುದಿನ ಊಟ ಮುಗಿಸಿ ನಾನೂ ದಿವಾಣಜಿಯೂ ಎದುರಾಬದುರು ಕುಳಿತೆವು. ಅವರು ಯಂತ್ರದಲ್ಲಿದ್ದುದನ್ನು ಓದಿದರು. ನಾನು ಚಲನ್, ಮಗನ ಕಾಗದ, ಹಮಾಲನ ನೋಟುಪುಸ್ತಕ ಮೂರನ್ನೂ ಮುಂದಿಟ್ಟುಕೊಂಡು ಬೆರಳಿಟ್ಟು ನೋಡಿದೆ. ಮೂರು ಕಲಮು ಹೊಂದಲಿಲ್ಲ. ಎರಡಕ್ಕೆ ಚೀಟಿ ಸಿಕ್ಕಿತು. ಮೂರನೆಯದು 12 ಚೀಲದ ವ್ಯತ್ಯಾಸ, ಆ ಫೌಂಡ್ರಿಯವರದೇ. ಮೊದಲ ಪೂರದ ಮೇಲೆ ಒಂದು ವರ್ಷ ಬಿಟ್ಟು ಅವರು ಸ್ವಲ್ಪ ಸ್ವಲ್ಪ ಮಾಲು ಒಯ್ಯಲು ಶುರು ಮಾಡಿದ್ದರು. ಫೋನು ಮಾಡಲು ನನಗೆ ಸಂಕೋಚವಾಯಿತು. ಮಾಡಿದೆ. ನಾನು ಮಾತು ಮುಗಿಸುವುದರೊಳಗೆ ಅವರೇ, "ಅಣ್ಣಾ, ಮಷೀನ್ ಏನಂತಾವು ಹೇಳಬ್ಯಾಡ್ರಿ. ನನ್ನ ವಹಿ ತರ್ತೇನಿ, ಕೂಡೇ ಕುಂತು ನೋಡೂಣು" ಎಂದರು. ಹತ್ತು ನಿಮಿಷದಲ್ಲಿ ಕೊಡೆ ಹಿಡಿದುಕೊಂಡು ಗೋದಾಮಿಗೆ ಬಂದರು. ಆ 12 ಚೀಲ ಅವರ ಕಡೆಯೇ ಇದ್ದವು, ಅವರೇ ಬರೆಯಲು ಮರೆತಿದ್ದರು.